35 ವರ್ಷದ ತಾರಸಿ: ರಿಪೇರಿ ಸಾಕಾ, ಒಡೆದು ಹೊಸದು ಹಾಕಿಸಬೇಕಾ?

ಹಳೇಮನೆ:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಇರುವ ಮನೆಯ ಛಾವಣಿ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಒಂದೇ ಅಂತಸ್ತಿನ ಮನೆ. ಇಟ್ಟಿಗೆ ಗೋಡೆಯ ಮೇಲೆ ಆರ್‌ಸಿಸಿ ಮೋಲ್ಡ್, ಪಿಲ್ಲರ್ ಇಲ್ಲ. ಕಟ್ಟಿ 35 ವರ್ಷ ಆಗಿದೆ.

ತೊಂದರೆ ಇರುವುದು ಎರಡು ಕಡೆ. ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಮಳೆ ಬಂದಾಗಲೆಲ್ಲ ತೇವ ಇಳಿಯುತ್ತದೆ, ಬಣ್ಣ ಉಬ್ಬಿ ಉದುರುತ್ತದೆ. ಅಡುಗೆಮನೆಯಲ್ಲಿ ನೀರು ಇಳಿಯುವುದಿಲ್ಲ. ಆದರೆ ಛಾವಣಿಯ ಅಡಿಯಿಂದ ಕಾಂಕ್ರೀಟ್ ಚಕ್ಕೆ ಬಿದ್ದು, ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಹಾಲ್ ಮತ್ತು ಇನ್ನೊಂದು ಕೋಣೆ ಚೆನ್ನಾಗಿವೆ.

ಮೂವರನ್ನು ಕರೆಸಿ ತೋರಿಸಿದೆವು. ಒಬ್ಬರು ತಾರಸಿ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಬಳಿದರೆ ಸಾಕು ಎಂದರು. ಇನ್ನೊಬ್ಬರು ಎರಡು ಇಂಚು ಗಾರೆ ಹಾಕಿ ಇಳಿಜಾರು ಸರಿ ಮಾಡೋಣ ಎಂದರು. ಮೂರನೆಯವರು ತಲೆ ಎತ್ತಿ ಕಂಬಿ ನೋಡಿದ್ದೇ, "ಇದು ಮುಗಿದ ಕತೆ, ಒಡೆದು ಹೊಸ ಮೋಲ್ಡ್ ಹಾಕಿ" ಎಂದು ಹೇಳಿ ಹೋದರು. ಮೂವರೂ ತಾರಸಿಯ ಮೇಲೆ ಹತ್ತು ನಿಮಿಷವೂ ನಿಲ್ಲಲಿಲ್ಲ.

ಅಪ್ಪನಿಗೆ ಒಡೆಯುವುದು ಇಷ್ಟ ಇಲ್ಲ. ಅಮ್ಮನಿಗೆ ಅಡುಗೆಮನೆಯಲ್ಲಿ ನಿಲ್ಲಲು ಭಯ. ಯಾವುದನ್ನು ನೋಡಿ ನಿರ್ಧಾರ ಮಾಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಕಟ್ಟಡತಪಾಸಣೆ:

ಮೊದಲು ಮಾಡಬೇಕಾದ್ದು ಹೇಳಿಬಿಡುತ್ತೇನೆ. ಅಡುಗೆಮನೆಯಲ್ಲಿ ಸಡಿಲ ಇರುವ ಚಕ್ಕೆಯನ್ನೆಲ್ಲ ಇವತ್ತೇ ಉದ್ದ ಕೋಲಿನಿಂದ ತಟ್ಟಿ ಬೀಳಿಸಿ. ಪಕ್ಕಕ್ಕೆ ನಿಂತು ತಟ್ಟಿ, ಕೆಳಗೆ ನಿಂತಲ್ಲ. ಗಟ್ಟಿ ಕಾಂಕ್ರೀಟ್ ಖಣಖಣ ಎನ್ನುತ್ತದೆ, ಬಿಟ್ಟುಕೊಂಡಿದ್ದು ಟೊಳ್ಳು ಸದ್ದು ಮಾಡುತ್ತದೆ. ಟೊಳ್ಳು ಬಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು ಗುರುತು ಹಾಕಿ. ಹಾಲ್ ಮತ್ತು ಕೋಣೆಗಳಲ್ಲೂ ಇದೇ ರೀತಿ ತಟ್ಟಿ ನೋಡಿ. ಕಣ್ಣಿಗೆ ಚೆನ್ನಾಗಿ ಕಾಣುವ ಜಾಗದಲ್ಲೂ ಒಳಗೆ ಬಿಟ್ಟುಕೊಂಡಿರಬಹುದು.

ಇನ್ನು ನಿಮ್ಮ ಪ್ರಶ್ನೆ. "ಛಾವಣಿ ರಿಪೇರಿಯಾ, ಹೊಸದಾ" ಎಂದು ಇಡೀ ಛಾವಣಿಗೆ ಒಂದೇ ಸಲ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಛಾವಣಿಯಲ್ಲಾದರೂ ಎರಡು ಕೆಲಸ ನಡೆಯುತ್ತಿರುತ್ತದೆ: ನೀರು ತಡೆಯುವುದು, ಭಾರ ಹೊರುವುದು. ನಿಮ್ಮ ಮಲಗುವ ಕೋಣೆಯಲ್ಲಿ ಮೊದಲನೆಯದು ಕೆಟ್ಟಿದೆ. ಅಡುಗೆಮನೆಯಲ್ಲಿ ಎರಡನೆಯದು ಕೆಡುತ್ತಿದೆ. ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಕೋಟಿಂಗ್ ಬಳಿದರೆ ಅಡುಗೆಮನೆಯ ಕಂಬಿಗೆ ಏನೂ ಪ್ರಯೋಜನ ಆಗುವುದಿಲ್ಲ. ಹಾಗೆಯೇ ಮೂಲೆಯ ತೇವಕ್ಕೆ ಇಡೀ ಮೋಲ್ಡ್ ಒಡೆಯಬೇಕಾಗಿಲ್ಲ.

ನೀರೇ ಇಳಿಯದ ಕಡೆ ಕಂಬಿಗೆ ತುಕ್ಕು ಹೇಗೆ ಬಂತು ಅಂದರೆ, ಕಾಂಕ್ರೀಟ್ ಒಳಗೆ ಸುಣ್ಣದ ಗುಣ ಇರುತ್ತದೆ. ಪಿಎಚ್ (ಕ್ಷಾರದ ಅಳತೆ) 12ರ ಮೇಲೆ. ಅದು ಇರುವವರೆಗೆ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ನಿಧಾನವಾಗಿ ಒಳಗೆ ಇಳಿದು ಆ ಗುಣವನ್ನು ಕಳೆಯುತ್ತಾ ಹೋಗುತ್ತದೆ. ಅದು ಕಂಬಿವರೆಗೆ ತಲುಪಿದ ಮೇಲೆ ಸ್ವಲ್ಪ ತೇವಾಂಶ ಸಿಕ್ಕರೂ ಸಾಕು, ತುಕ್ಕು ಶುರು. ಅಡುಗೆಮನೆಯಲ್ಲಿ ಆವಿ ಇದ್ದೇ ಇರುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಸೀಳಿ ಬೀಳುತ್ತದೆ.

ಒಂದೇ ದಿನ ಹಾಕಿದ ಮೋಲ್ಡ್, ಹಾಲ್‌ನಲ್ಲಿ ಚೆನ್ನಾಗಿದೆ, ಅಡುಗೆಮನೆಯಲ್ಲಿ ಹಾಳಾಗಿದೆ. ಬಹುಶಃ ಆ ಕಡೆ ಕಂಬಿ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಇಟ್ಟಿಲ್ಲ ಅಥವಾ ಕಾಂಕ್ರೀಟ್ ಹಾಕುವಾಗ ಯಾರೋ ಕಂಬಿ ತುಳಿದಿದ್ದಾರೆ. ಕಂಬಿಯ ಅಡಿಯಲ್ಲಿ 20 ಎಂಎಂ ಕಾಂಕ್ರೀಟ್ ಇರಬೇಕಾದ ಕಡೆ 10 ಎಂಎಂ ಇದ್ದರೆ, ಆಯಸ್ಸು ಅರ್ಧ ಆಗುವುದಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಾಕೆಂದರೆ ಎರಡು ಪಟ್ಟು ಆಳಕ್ಕೆ ಇಳಿಯಲು ಆ ಗಾಳಿಗೆ ನಾಲ್ಕು ಪಟ್ಟು ಸಮಯ ಬೇಕು.

ಮೇಲೆ ಇನ್ನೊಂದು ಮನೆ ಕಟ್ಟುವ ಯೋಚನೆ ಇದೆಯಾ? ಇದ್ದರೆ ಲೆಕ್ಕವೇ ಬೇರೆ, ಪಾಯದಿಂದ ನೋಡಬೇಕಾಗುತ್ತದೆ.

ಗಾರೆಮೇಸ್ತ್ರಿ:

ಅಕ್ಕ, ಆ ಎರಡು ಇಂಚು ಗಾರೆ ಮಾತ್ರ ಸದ್ಯಕ್ಕೆ ಬೇಡ. ಕೇಳೋಕೆ ಸಣ್ಣ ಕೆಲಸ ಅನಿಸುತ್ತೆ. 100 ಚದರ ಅಡಿ ಕೋಣೆಯ ಮೇಲೆ ಎರಡು ಇಂಚು ಗಾರೆ ಅಂದರೆ ಹತ್ತಿರ ಹತ್ತಿರ ಒಂದು ಟನ್ ಭಾರ. ಕಂಬಿ ತೆಳುವಾಗಿದೆಯಾ ಇಲ್ಲವಾ ಅಂತ ಗೊತ್ತಿಲ್ಲದೆ ಅದರ ತಲೆ ಮೇಲೆ ಒಂದು ಟನ್ ಇಡೋದು ಸರಿಯಲ್ಲ. ಹಳೇ ಮನೆಗಳಲ್ಲಿ ತಾರಸಿ ಅಗೆದು ನೋಡಿದರೆ ಮೂರು ಪದರ, ನಾಲ್ಕು ಪದರ ಸಿಗುತ್ತೆ. ಪ್ರತಿ ಸಲ ಸೋರಿದಾಗ ಯಾರೋ ಒಬ್ಬರು ಹಳೇದನ್ನು ಕೀಳದೆ ಮೇಲೆ ಹಾಕಿ ಹೋಗಿರುತ್ತಾರೆ. ನಿಮ್ಮ ತಾರಸಿ ಮೇಲೆ ಈಗ ಎಷ್ಟು ದಪ್ಪ ಇದೆ ಅಂತ ಮೊದಲು ನೋಡಿ. ನೀರು ಹೋಗುವ ಪೈಪಿನ ಬಾಯಿ ಹತ್ತಿರ ಕೆದಕಿದರೆ ಗೊತ್ತಾಗುತ್ತೆ.

ಮೂಲೆಯ ತೇವದ ಬಗ್ಗೆ. ತಾರಸಿ ಸೋರುತ್ತೆ ಅಂತ ಕರೆದ ಮನೆಗಳಲ್ಲಿ ಮೋಲ್ಡ್ ನಡುವೆ ತೂತಾಗಿ ಸೋರೋದು ಕಡಿಮೆ. ಜಾಸ್ತಿ ಸೋರೋದು ಅಂಚಿನಲ್ಲಿ. ಪ್ಯಾರಾಪೆಟ್ ಗೋಡೆ ಮೋಲ್ಡ್ ಮೇಲೆ ಕೂರುವ ಸಂದು, ನೀರಿನ ಪೈಪ್ ಗೋಡೆ ದಾಟುವ ಜಾಗ, ಟ್ಯಾಂಕ್ ಕಟ್ಟೆಯ ಬುಡ, ಸೋಲಾರ್ ಅಥವಾ ಆಂಟೆನಾಗೆ ಬೋಲ್ಟ್ ಹೊಡೆದ ತೂತು. ಪ್ಯಾರಾಪೆಟ್ ತಲೆಯ ಮೇಲಿನ ಬಿರುಕನ್ನಂತೂ ಯಾರೂ ನೋಡೋದೇ ಇಲ್ಲ. ನೀರು ಅಲ್ಲಿಂದ ಗೋಡೆ ಒಳಗೆ ಇಳಿದು ಕೋಣೆ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತೆ. ನೀವು ತಾರಸಿಗೆಲ್ಲ ಕೋಟಿಂಗ್ ಬಳಿದರೂ ಅದು ನಿಲ್ಲಲ್ಲ.

ಹುಡುಕೋದು ಹೀಗೆ. ಮಳೆ ಇಲ್ಲದ ದಿನ, ಗೋಡೆ ಒಣಗಿರುವಾಗ, ಒಬ್ಬರು ಕೋಣೆ ಒಳಗೆ ಮೂಲೆ ನೋಡುತ್ತಾ ಇರಲಿ. ಇನ್ನೊಬ್ಬರು ಮೇಲೆ ಪೈಪಿನಿಂದ ಒಂದೊಂದೇ ಜಾಗಕ್ಕೆ ನೀರು ಬಿಡಲಿ. ತಗ್ಗಿನ ಕಡೆಯಿಂದ ಶುರು ಮಾಡಿ. ಮೊದಲು ತಾರಸಿ ನೆಲ, ಆಮೇಲೆ ಸಂದು, ಆಮೇಲೆ ಪ್ಯಾರಾಪೆಟ್ ಮೈ, ಕೊನೆಗೆ ಅದರ ತಲೆ. ಒಂದೊಂದು ಜಾಗಕ್ಕೂ 15–20 ನಿಮಿಷ ಕೊಡಿ. ಒಟ್ಟಿಗೆ ಎಲ್ಲ ಕಡೆ ನೀರು ಹೊಡೆದರೆ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ. ಮಳೆ ಇಲ್ಲದ ದಿನವೂ ಆ ಮೂಲೆ ತೇವ ಇರುತ್ತೆ ಅಂದರೆ ಟ್ಯಾಂಕ್ ಪೈಪ್ ನೋಡಿ.

ಹೊಸಮೋಲ್ಡ್:

ರಿಪೇರಿ ಅಂತ ಹೇಳುವವರಿಗೆ ನನ್ನ ಅನುಭವವೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದೂ ಇಂಥದ್ದೇ ಮನೆ. ಹಾಲ್‌ನಲ್ಲಿ ಚಕ್ಕೆ ಬಿತ್ತು. ಗುತ್ತಿಗೆದಾರರೊಬ್ಬರು ಬಂದು ಬಿದ್ದಷ್ಟು ಜಾಗಕ್ಕೆ ಕಂಬಿ ಉಜ್ಜಿ, ಏನೋ ಬಳಿದು, ಗಾರೆ ಮೆತ್ತಿ ಹೋದರು. ನೋಡಲು ಬಹಳ ಚೆನ್ನಾಗಿತ್ತು. ಎರಡನೇ ಮಳೆಗಾಲ ಕಳೆಯುವ ಹೊತ್ತಿಗೆ ಅದೇ ತೇಪೆಯ ಸುತ್ತ ಹೊಸದಾಗಿ ಬಿರುಕು ಬಂತು. ತೇಪೆ ಗಟ್ಟಿಯಾಗಿಯೇ ಇತ್ತು, ಸುತ್ತಲಿನದು ಬಿದ್ದಿತ್ತು. ಮತ್ತೆ ಕರೆದೆವು. ಮತ್ತೆ ಅದರ ಸುತ್ತ. ಕೊನೆಗೆ ಇಡೀ ಮೋಲ್ಡ್ ಒಡೆದು ಹಾಕಿಸಿದೆವು. ಇವತ್ತು ಮನೆಯವರೆಲ್ಲ ನೆಮ್ಮದಿಯಾಗಿ ಮಲಗುತ್ತೇವೆ. ವಯಸ್ಸಾದವರು ಇರುವ ಮನೆಯಲ್ಲಿ ತಲೆ ಮೇಲೆ ಅನುಮಾನ ಇಟ್ಟುಕೊಂಡು ಯಾಕೆ ಇರಬೇಕು? ನನ್ನ ಪ್ರಕಾರ ಕಂಬಿ ಕಂಡಿತು ಅಂದರೆ ಹೊಸದೇ ಸರಿ.

ಕಟ್ಟಡತಪಾಸಣೆ:

ನೀವು ಹೇಳಿದ್ದು ನೂರಕ್ಕೆ ನೂರು ನಿಜವಾಗಿ ನಡೆಯುವ ವಿಷಯ. ಇಂಥದ್ದು ಬಹಳ ಮನೆಗಳಲ್ಲಿ ಆಗುತ್ತದೆ. ಅದಕ್ಕೆ ಕಾರಣವೂ ಇದೆ. ಒಂದು ಜಾಗದಲ್ಲಿ ಜೋರಾಗಿ ತುಕ್ಕು ಹಿಡಿಯುತ್ತಿರುವ ಕಂಬಿ, ತನ್ನ ಅಕ್ಕಪಕ್ಕದ ಕಂಬಿಯನ್ನು ಒಂದು ಮಟ್ಟಿಗೆ ಕಾಪಾಡುತ್ತಿರುತ್ತದೆ. ಆ ಜಾಗಕ್ಕೆ ಮಾತ್ರ ಹೊಸ ಗಾರೆ ಹಾಕಿ ತುಕ್ಕು ನಿಲ್ಲಿಸಿದರೆ ಆ ರಕ್ಷಣೆ ಹೋಗುತ್ತದೆ. ತೇಪೆಯ ಅಂಚಿನ ಆಚೆ ಕಾಂಕ್ರೀಟ್ ಆಗಲೇ ಕೆಟ್ಟಿದ್ದರೆ ಅಲ್ಲಿ ತುಕ್ಕು ಶುರುವಾಗುತ್ತದೆ. ಉಪ್ಪಿನ ಅಂಶ ಇರುವ ಮರಳು ಅಥವಾ ನೀರು ಬಳಸಿ ಹಾಕಿದ ಮೋಲ್ಡ್‌ನಲ್ಲಿ ಇದು ಇನ್ನೂ ಜಾಸ್ತಿ. ಉಪ್ಪು ಇಡೀ ಮೋಲ್ಡ್‌ನಲ್ಲಿ ಇದ್ದರೆ ತೇಪೆ ಕೆಲಸಕ್ಕೆ ಹೆಚ್ಚು ದಿನ ಬಾಳಿಕೆ ಇಲ್ಲ. ಅಂಥ ಕಡೆ ನಾನೂ ಒಡೆಯಿರಿ ಎಂದೇ ಹೇಳುತ್ತೇನೆ.

ಆದರೆ "ಕಂಬಿ ಕಂಡಿತು ಅಂದರೆ ಹೊಸದು" ಎಂಬುದನ್ನು ಒಪ್ಪುವುದು ಕಷ್ಟ. ಬಿದ್ದಷ್ಟು ಜಾಗಕ್ಕೆ ಮಾತ್ರ ಮೆತ್ತಿದ್ದೇ ನಿಮ್ಮ ಮನೆಯಲ್ಲಿ ಎಡವಟ್ಟಾಗಿದ್ದು. ಎಲ್ಲಿವರೆಗೆ ಕೆಟ್ಟಿದೆ ಎಂದು ಅಳೆಯಲು ಬಹಳ ಸುಲಭದ ಪರೀಕ್ಷೆ ಇದೆ. ಒಂದು ಸಣ್ಣ ಜಾಗದಲ್ಲಿ ಉಳಿಯಿಂದ ಕಾಂಕ್ರೀಟ್ ಒಡೆದು, ಧೂಳು ಊದಿ, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಚೆನ್ನಾಗಿರುವ ಕಾಂಕ್ರೀಟ್ ಅಲ್ಲೇ ಕಣ್ಣೆದುರಿಗೆ ಕಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸುಣ್ಣದ ಗುಣ ಕಳೆದುಕೊಂಡ ಭಾಗ ಬೂದು ಬಣ್ಣದಲ್ಲೇ ಉಳಿಯುತ್ತದೆ. ಗುಲಾಬಿ ಗೆರೆ ಕಂಬಿಯಿಂದ ಕೆಳಗೇ ಶುರುವಾದರೆ ಕಂಬಿ ಇನ್ನೂ ಸುರಕ್ಷಿತ. ಕಂಬಿಯ ಮೇಲೆ ಶುರುವಾದರೆ, ಆ ಜಾಗದಲ್ಲಿ ಚಕ್ಕೆ ಇನ್ನೂ ಬೀಳದಿದ್ದರೂ ಸರದಿಯಲ್ಲಿದೆ ಎಂದೇ ಅರ್ಥ. ಉಪ್ಪಿಗೆ ಮಾತ್ರ ಇದು ಸಾಲದು. ಪುಡಿ ತೆಗೆದು ಲ್ಯಾಬಿಗೆ ಕಳಿಸಬೇಕು.

ಹಳೇಮನೆ ಅವರೇ, ಪ್ರತಿ ಕೋಣೆಯಲ್ಲೂ ಒಂದೆರಡು ಕಡೆ ಇದನ್ನು ಮಾಡಿಸಿ. ಕೆಲಸ ಹಿಡಿಯದ, ಕೆಮಿಕಲ್ ಮಾರದ ಇಂಜಿನಿಯರ್ ಒಬ್ಬರಿಗೆ ಫೀಸ್ ಕೊಟ್ಟು ಕರೆಸಿ. ಒಡೆದರೂ ಒಡೆಯದಿದ್ದರೂ ಅವರಿಗೆ ಲಾಭ ನಷ್ಟ ಇಲ್ಲದಿರಲಿ. ಕಾಣುತ್ತಿರುವ ಕಂಬಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಿಳಿ ಲೋಹ ಕಂಡ ಮೇಲೆ ವರ್ನಿಯರ್ ಹಿಡಿದು ಅಳೆಯಲು ಹೇಳಿ. ತುಕ್ಕಿನ ಮೇಲೆ ಅಳೆದರೆ ಕಂಬಿ ದಪ್ಪ ಆದಂತೆ ಕಾಣುತ್ತದೆ. 8 ಎಂಎಂ ಕಂಬಿ 7 ಎಂಎಂ ಆಗಿದ್ದರೆ "ಒಂದು ಎಂಎಂ ತಾನೇ" ಅನಿಸುತ್ತದೆ. ಲೆಕ್ಕ ಹಾಕಿದರೆ ಶೇ 23ರಷ್ಟು ಕಬ್ಬಿಣ ಹೋಗಿರುತ್ತದೆ. 6 ಎಂಎಂ ಆಗಿದ್ದರೆ ಶೇ 44. ಇದನ್ನು ತಿಳಿದುಕೊಳ್ಳದೆ ಯಾರು ಏನೇ ಹೇಳಿದರೂ ಅದು ಊಹೆ.

ಮೋಲ್ಡ್ ಬಾಗಿದೆಯಾ ಎಂದೂ ನೋಡಿ. ಎದುರು ಬದುರು ಗೋಡೆಯ ಹತ್ತಿರ ಛಾವಣಿಗೆ ಒಂದೇ ದಪ್ಪದ ಎರಡು ಮರದ ತುಂಡು ಒತ್ತಿ ಹಿಡಿದು ದಾರ ಬಿಗಿಯಾಗಿ ಕಟ್ಟಿ. ನಡುವೆ ದಾರಕ್ಕೂ ಛಾವಣಿಗೂ ಇರುವ ಅಂತರ ಅಳೆಯಿರಿ. ಅದು ಮರದ ತುಂಡಿನ ದಪ್ಪಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಮೋಲ್ಡ್ ಇಳಿದಿದೆ ಎಂದರ್ಥ. ಮೂರು ಮೀಟರ್ ಅಗಲದ ಕೋಣೆಯಲ್ಲಿ ನಡುವೆ ಸುಮಾರು 12 ಎಂಎಂಗಿಂತ ಜಾಸ್ತಿ ಇಳಿದಿದ್ದರೆ ವಿಷಯ ಗಂಭೀರ. ಪ್ಲಾಸ್ಟರ್ ಏರುಪೇರು ಇರಬಹುದು, ಹಾಗಾಗಿ ಎರಡು ಮೂರು ಕಡೆ ನೋಡಿ.

ಹೆಂಚಿನಮಾಡು:

ನಮ್ಮದು ಮೋಲ್ಡ್ ಅಲ್ಲ, ಹೆಂಚಿನ ಮಾಡು. ಆದರೆ "ನೀರು ತಡೆಯುವುದು ಬೇರೆ, ಭಾರ ಹೊರುವುದು ಬೇರೆ" ಎಂಬ ಮಾತು ನಮಗೂ ಸರಿಯಾಗಿ ಹೊಂದುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಹೆಂಚಿನ ಮನೆಯವರು ಸೋರಿದರೆ ಹೆಂಚನ್ನು ಬೈಯುತ್ತಾರೆ. ಚೆನ್ನಾಗಿ ಸುಟ್ಟ ಮಣ್ಣಿನ ಹೆಂಚು 50 ವರ್ಷ ಸುಲಭವಾಗಿ ಬಾಳುತ್ತದೆ, ನೂರು ದಾಟಿದ್ದೂ ಇದೆ. ಮೊದಲು ಸಾಯುವುದು ಅದರ ಕೆಳಗಿನ ಮರ. ರೀಪರ್ (ಹೆಂಚು ಕೂರುವ ಪಟ್ಟಿ), ಆಮೇಲೆ ಪಕಾಸು (ರೀಪರ್ ಹೊರುವ ಇಳಿಜಾರು ಮರ), ಅದರಲ್ಲೂ ಪಕಾಸಿನ ತುದಿ. ಗೋಡೆಯ ಮೇಲೆ ಕೂರುವ ಆ ತುದಿಯಲ್ಲಿ ಗಾಳಿ ಆಡುವುದಿಲ್ಲ, ತೇವ ನಿಲ್ಲುತ್ತದೆ, ಗೆದ್ದಲು ಗೋಡೆಯ ಒಳಗಿನಿಂದಲೇ ಬಂದು ಸೇರುತ್ತದೆ.

ಒಂದು ಸ್ಕ್ರೂಡ್ರೈವರ್ ಹಿಡಿದು ಏಣಿ ಹತ್ತಿ. ಪ್ರತಿ ಪಕಾಸಿನ ತುದಿಯನ್ನೂ ಚುಚ್ಚಿ. ಗಟ್ಟಿ ಮರಕ್ಕೆ ತುದಿ ಕೂಡ ಇಳಿಯುವುದಿಲ್ಲ. ಕೆಟ್ಟಿದ್ದರೆ ಹೊರಗೆ ಬಣ್ಣ ಹಾಗೇ ಹೊಳೆಯುತ್ತಿರುತ್ತದೆ, ಸ್ಕ್ರೂಡ್ರೈವರ್ ಮಾತ್ರ ಸಲೀಸಾಗಿ ಒಂದು ಇಂಚು ಒಳಗೆ ಹೋಗುತ್ತದೆ, ಎಳೆದರೆ ಕಂದು ಹುಡಿ ಸುರಿಯುತ್ತದೆ. ಅಂಗಳದಲ್ಲಿ ದೂರ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ನೇರ ಇರಬೇಕು. ನಡುವೆ ತಗ್ಗಿದ್ದರೆ ಮರ ಸೋತಿದೆ ಎಂದೇ ತಿಳಿಯಿರಿ. ಹೆಂಚನ್ನು ಬೆರಳಿನ ಗೆಣ್ಣಿನಿಂದ ಬಡಿದರೆ ಟಣ್ ಎನ್ನಬೇಕು. ಡಬ್ ಎಂದರೆ ಒಳಗೆ ಸೀಳಿದೆ.

ನಾವು ಮಾಡಿಸಿದ್ದು ಹೀಗೆ: ಹೆಂಚೆಲ್ಲ ಇಳಿಸಿ, ಉಜ್ಜಿ ತೊಳೆದು, ಒಡೆದಿದ್ದನ್ನು ಬೇರೆ ಮಾಡಿ, ರೀಪರ್ ಪೂರ್ತಿ ಹೊಸದು, ಪಕಾಸು ಕೆಟ್ಟಷ್ಟು ಮಾತ್ರ ಹೊಸದು, ಮತ್ತೆ ಅದೇ ಹೆಂಚು ಹೊದಿಸಿದೆವು. ಹೊಸ ಹೆಂಚು ಸೇರಿಸುವವರು ಒಂದು ವಿಷಯ ನೆನಪಿಡಿ. ಬೇರೆ ಅಚ್ಚಿನ ಹೆಂಚು ಹಳೆಯದರ ಜೊತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹಳೆಯದನ್ನೆಲ್ಲ ಒಂದು ಕಡೆ, ಹೊಸದನ್ನೆಲ್ಲ ಒಂದು ಕಡೆ ಹಾಕಿಸಿ. ಎರಡು ಇಳಿಜಾರು ಸೇರುವ ಕಡೆ ಇರುವ ತಗಡಿನ ಕಾಲುವೆಯನ್ನು ಆಗಲೇ ಬದಲಾಯಿಸಿ. ಸೋರುವುದು ಜಾಸ್ತಿ ಅಲ್ಲೇ.

ತಗಡುಮನೆ:

ಮೋಲ್ಡ್ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹೊದಿಸಿದರೆ ಎಲ್ಲ ತಲೆನೋವೂ ಮುಗಿಯುತ್ತದೆ ಅಲ್ವಾ? ಸೋರುವುದು ನಿಲ್ಲುತ್ತದೆ, ಬಿಸಿಯೂ ಕಡಿಮೆ, ಬಟ್ಟೆ ಒಣಗಿಸಲು ಜಾಗ ಆಗುತ್ತದೆ. ನಮ್ಮ ಮನೆಗೆ ಹಾಗೇ ಮಾಡಿದ್ದೇವೆ.

ಕಟ್ಟಡತಪಾಸಣೆ:

ನೀರಿಗೆ ಅದು ಒಳ್ಳೆಯ ಉಪಾಯವೇ. ಮೋಲ್ಡ್ ಒಣಗಿದರೆ ತುಕ್ಕಿನ ವೇಗವೂ ತಗ್ಗುತ್ತದೆ. ಆದರೆ ಆಗಲೇ ತೆಳುವಾದ ಕಂಬಿ ಮತ್ತೆ ದಪ್ಪ ಆಗುವುದಿಲ್ಲ. ಅಡುಗೆಮನೆಯ ಕೆಲಸ ಹಾಗೇ ಉಳಿಯುತ್ತದೆ. ಇನ್ನೊಂದು, ಶೀಟ್ ಮಾಡಿನ ದೊಡ್ಡ ಚಿಂತೆ ಭಾರ ಅಲ್ಲ, ಗಾಳಿ. ಬಿರುಗಾಳಿಗೆ ಹಗುರ ಮಾಡು ಮೇಲಕ್ಕೆ ಎಳೆಯಲ್ಪಡುತ್ತದೆ. ಕಂಬದ ಬುಡವನ್ನು ಹಳೇ ಪ್ಯಾರಾಪೆಟ್ ಇಟ್ಟಿಗೆಗೆ ಬೋಲ್ಟ್ ಹೊಡೆದು ನಿಲ್ಲಿಸಿದರೆ ಗೋಡೆ ಸಮೇತ ಕಿತ್ತುಬರಬಹುದು. ಕಂಬ ಗೋಡೆಯ ನೇರಕ್ಕೆ ಬರಲಿ, ಮೋಲ್ಡ್‌ನ ನಡುವೆ ಬೇಡ. ಬೋಲ್ಟ್ ಹೊಡೆದ ತೂತಿನಲ್ಲೇ ಹೊಸ ಸೋರಿಕೆ ಶುರುವಾಗದಂತೆ ಬುಡ ಮುಚ್ಚಿಸಿ.

ಗಾರೆಮೇಸ್ತ್ರಿ:

ಶೀಟ್ ಮನೆಯವರಿಗೆ ಒಂದು ಮಾತು. ಶೀಟ್ ಸೋರಿದರೆ ಶೀಟ್ ಬದಲಾಯಿಸೋಕೆ ಮುಂಚೆ ಸ್ಕ್ರೂ ನೋಡಿ. ಅದರ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿದಿರುತ್ತೆ. ಒಂದು ಸೈಜ್ ದಪ್ಪ ಸ್ಕ್ರೂ, ಹೊಸ ವಾಷರ್ ಹಾಕಿದರೆ ಎಷ್ಟೋ ಸೋರಿಕೆ ಅಲ್ಲಿಗೇ ನಿಲ್ಲುತ್ತೆ. ಶೀಟ್ ಮೇಲೆ ಶೀಟ್ ಕೂರುವ ಕಡೆ ತುಕ್ಕು ತಿಂದು ಸೂಜಿ ತೂತು ಬಿದ್ದಿದ್ದರೆ ಮಾತ್ರ ಬದಲಾಯಿಸೋದು ಒಳ್ಳೇದು. ಒಳಗೆ ಕತ್ತಲೆ ಮಾಡಿ ಹಗಲು ಹೊತ್ತು ತಲೆ ಎತ್ತಿ ನೋಡಿದರೆ ತೂತೆಲ್ಲ ಚುಕ್ಕಿ ಬೆಳಕಾಗಿ ಕಾಣುತ್ತೆ.

ಹಳೇ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೊಯ್ಯಬೇಡಿ, ಡ್ರಿಲ್ ಮಾಡಬೇಡಿ, ಒಡೆಯಬೇಡಿ, ಜೋರು ನೀರಿನಿಂದ ತೊಳೆಯಲೂ ಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಇಳಿಸಲೇಬೇಕಾದರೆ ಗೊತ್ತಿರುವವರೇ ಬಂದು ನೆನೆಸಿ, ಇಡೀ ಶೀಟನ್ನು ಹಾಗೇ ಇಳಿಸಬೇಕು. ಅದರ ಮೇಲೆ ಕಾಲಿಟ್ಟು ಬಿದ್ದವರು ಎಷ್ಟೋ ಜನ. ಗಟ್ಟಿ ಅಂತ ಕಾಣುತ್ತೆ, ಆದರೆ ಮನುಷ್ಯನ ಭಾರ ತಡೆಯಲ್ಲ.

ದೂರದೇಶ:

ಚಳಿ ದೇಶಗಳಲ್ಲಿ ಇರುವವರಿಗಾಗಿ ಒಂದೆರಡು ಸಾಲು. ಇಲ್ಲಿ ಮರದ ಹಲಗೆಯ ಮೇಲೆ ಡಾಂಬರಿನ ಶಿಂಗಲ್ (ತೆಳು ಬಿಲ್ಲೆ) ಹೊದಿಸಿರುತ್ತಾರೆ. ಅವು 15ರಿಂದ 30 ವರ್ಷ ಬರುತ್ತವೆ. ನೀರಿನ ದೋಣಿಯಲ್ಲಿ ಮರಳಿನಂಥ ಹರಳು ತುಂಬುತ್ತಿದ್ದರೆ, ಶಿಂಗಲ್ ಅಂಚು ಮೇಲಕ್ಕೆ ಸುರುಳಿ ಸುತ್ತುತ್ತಿದ್ದರೆ ಆಯಸ್ಸು ಮುಗಿಯುತ್ತಿದೆ. ಗಾಳಿಗೆ ಹಾರಿದ ನಾಲ್ಕಾರು ಶಿಂಗಲ್ ಮಾತ್ರ ರಿಪೇರಿಯ ವಿಷಯ. ಅಟ್ಟಕ್ಕೆ ಹತ್ತಿ ಹಲಗೆ ಮುಟ್ಟಿ ನೋಡಿ. ಮೆತ್ತಗಿದ್ದರೆ ಹಲಗೆಯನ್ನೂ ಬದಲಾಯಿಸಬೇಕು. ಅಟ್ಟದಲ್ಲಿ ಗಾಳಿ ಆಡದೆ ಒಳಗಿನ ಆವಿಯೇ ತಣ್ಣಗಾಗಿ ತೊಟ್ಟಿಕ್ಕುವುದೂ ಉಂಟು. ಅದನ್ನು ಸೋರಿಕೆ ಎಂದುಕೊಂಡು ಹೊಸ ಮಾಡು ಹಾಕಿಸಿದರೆ ಅದೇ ತೊಂದರೆ ಮುಂದುವರಿಯುತ್ತದೆ.

ಹಳೇಮನೆ:

ಎಲ್ಲರಿಗೂ ಬಹಳ ಧನ್ಯವಾದ. ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿ ಬರೆಯುತ್ತಿದ್ದೇನೆ.

ನೀರು ಬಿಟ್ಟು ನೋಡಿದೆವು. ತಾರಸಿ ನೆಲಕ್ಕೆ ಬಿಟ್ಟಾಗ ಏನೂ ಆಗಲಿಲ್ಲ. ಪ್ಯಾರಾಪೆಟ್ ತಲೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ತಂಗಿ ಕೆಳಗಿನಿಂದ ಕೂಗಿದಳು. ಮೇಸ್ತ್ರಿ ಅಣ್ಣ, ನೀವು ಹೇಳಿದ ಹಾಗೆಯೇ ಅಲ್ಲಿ ಉದ್ದಕ್ಕೂ ಕೂದಲೆಳೆ ಬಿರುಕು ಇದೆ. ತಾರಸಿ ಮೇಲೆ ಹಳೇ ಗಾರೆ ಒಂದೇ ಪದರ ಇದೆ.

ಇಂಜಿನಿಯರ್ ಒಬ್ಬರು ಬಂದು ಅರ್ಧ ದಿನ ಇದ್ದರು. ಅಡುಗೆಮನೆಯಲ್ಲಿ ಒಂದು ಅಡಿ ಚೌಕ ಒಡೆದು ತೋರಿಸಿದರು. ಕಂಬಿಯ ಮೇಲಿನ ತುಕ್ಕು ಹಳೇ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಎದ್ದಿತ್ತು. ಬ್ರಷ್ ಹಾಕಿ ಉಜ್ಜಿದ ಮೇಲೆ ಒಳಗೆ ಹೊಳೆಯುವ ಕಬ್ಬಿಣ ಕಂಡಿತು. 8 ಎಂಎಂ ಕಂಬಿ. ಹೆಚ್ಚಿನವು 7.5 ಹತ್ತಿರ ಇವೆ. ಒಲೆಯ ನೇರಕ್ಕೆ ಇರುವ ಮೂರು ಕಂಬಿ ಮಾತ್ರ 6.5ರ ಹತ್ತಿರ. ಅಲ್ಲಿ ಕವರ್, ಅಂದರೆ ಕಂಬಿಯ ಅಡಿಯ ಕಾಂಕ್ರೀಟ್, ಒಂದು ಬೆರಳಿನ ದಪ್ಪವೂ ಇಲ್ಲ. ಹಾಲ್‌ನಲ್ಲಿ ಸಿಂಪಡಿಸಿದಾಗ ಕಂಬಿಗಿಂತ ಸಾಕಷ್ಟು ಕೆಳಗೇ ಗುಲಾಬಿ ಬಂತು. ಕೋಣೆಗಳಲ್ಲೂ ಅಷ್ಟೇ. ಅಡುಗೆಮನೆ ಪೂರ್ತಿ ಬೂದು. ಉಪ್ಪಿನ ಪರೀಕ್ಷೆಗೆ ಪುಡಿ ಕಳಿಸಿದ್ದರು, ಹೆಚ್ಚಿಲ್ಲ ಎಂದು ಬಂದಿದೆ. ದಾರ ಕಟ್ಟಿ ನೋಡಿದಾಗ ಎಲ್ಲೂ ಬಾಗಿಲ್ಲ. ಮೇಲೆ ಕಟ್ಟುವ ಯೋಚನೆ ನಮಗಿಲ್ಲ.

ಅಡುಗೆಮನೆಯ ಭಾಗ ಮಾತ್ರ ಒಡೆದು ಹೊಸ ಮೋಲ್ಡ್ ಹಾಕಬಹುದಾ ಎಂದು ಅಮ್ಮ ಕೇಳುತ್ತಿದ್ದಾರೆ.

ಕಟ್ಟಡತಪಾಸಣೆ:

ಬಹಳ ಖುಷಿಯಾಯಿತು, ಇಷ್ಟು ತಾಳ್ಮೆಯಿಂದ ನೋಡಿದ್ದೀರಿ.

ಅಮ್ಮನ ಪ್ರಶ್ನೆಗೆ ಉತ್ತರ: ಆಗುತ್ತದೆ, ಆದರೆ ನಿಮ್ಮ ಮನೆಗೆ ಬೇಕಾಗಿಲ್ಲ. ಮೋಲ್ಡ್ ಒಡೆಯುವುದು ಕಾಣುವಷ್ಟು ಸರಳ ಅಲ್ಲ. ಪಕ್ಕದ ಕೋಣೆಗೂ ಅದೇ ಕಂಬಿ ಹಾದು ಹೋಗಿರುತ್ತದೆ. ಒಂದು ಕಡೆ ಕತ್ತರಿಸಿದರೆ ಪಕ್ಕದ ಮೋಲ್ಡ್‌ನ ಬಲದ ಲೆಕ್ಕ ಬದಲಾಗುತ್ತದೆ. ಪಿಲ್ಲರ್ ಇಲ್ಲದ ಮನೆಯಲ್ಲಿ ಗೋಡೆಗಳ ತಲೆಯನ್ನು ಒಂದಕ್ಕೊಂದು ಹಿಡಿದಿಟ್ಟಿರುವುದೂ ಅದೇ ಮೋಲ್ಡ್. ಇನ್ನು ಕಿಟಕಿ ಮೇಲಿನ ಸಜ್ಜಾ. ಅದು ಹೊರಗೆ ಚಾಚಿ ನಿಂತಿರುವುದು ಮೇಲಿನ ಗೋಡೆ, ಮೋಲ್ಡ್, ಪ್ಯಾರಾಪೆಟ್ ಭಾರ ಹಿಂದಿನಿಂದ ಒತ್ತಿ ಹಿಡಿದಿರುವುದರಿಂದ. ಆ ಭಾರ ತೆಗೆದ ತಕ್ಷಣ ಸಜ್ಜಾ ಮುಂದಕ್ಕೆ ಮಗುಚಬಹುದು. ಕೆಳಗೆ ಕೆಲಸದವರು ನಿಂತಿರುತ್ತಾರೆ. ಮುಂದೆ ಯಾರೇ ಮೋಲ್ಡ್ ಒಡೆಸಿದರೂ ಸಜ್ಜಾಗಳಿಗೆ ಮೊದಲು ಆಸರೆ ಕೊಡಿಸದೆ ಸುತ್ತಿಗೆ ಎತ್ತಲು ಬಿಡಬೇಡಿ.

ನಿಮಗೆ ಬೇಕಾದ್ದು ಅಡುಗೆಮನೆಗೆ ಗೋಡೆಯಿಂದ ಗೋಡೆಗೆ ಪೂರ್ತಿ ರಿಪೇರಿ. ತೇಪೆ ಅಲ್ಲ. ಕೆಳಗೆ ಆಸರೆಗೆ ಜ್ಯಾಕ್ ನಿಲ್ಲಿಸಿ, ಕೆಟ್ಟ ಕಾಂಕ್ರೀಟ್ ಪೂರ್ತಿ ಕೆತ್ತಿ, ಕಂಬಿಯ ಹಿಂದೆಯೂ ಬೆರಳು ಹೋಗುವಷ್ಟು, ಅಂದರೆ 20 ಎಂಎಂ ಆದರೂ ಬಿಡಿಸಬೇಕು. ಕಂಬಿಯ ಅರ್ಧ ಮೈ ಹಳೇ ಕಾಂಕ್ರೀಟಿನಲ್ಲೇ ಉಳಿದರೆ ತುಕ್ಕು ಮುಂದುವರಿಯುತ್ತದೆ. 6.5ಕ್ಕೆ ಇಳಿದ ಮೂರು ಕಂಬಿಗಳಲ್ಲಿ ಮೂರನೇ ಒಂದು ಭಾಗ ಕಬ್ಬಿಣ ಹೋಗಿದೆ. ಅವುಗಳ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು. ಎಷ್ಟು ಉದ್ದ, ಹೇಗೆ ಎಂದು ನಿಮ್ಮ ಇಂಜಿನಿಯರ್ ಬರೆದು ಕೊಡಲಿ. ಆಮೇಲೆ ತುಕ್ಕು ತಡೆಯುವ ಪ್ರೈಮರ್, ಹಳೆಯದಕ್ಕೂ ಹೊಸದಕ್ಕೂ ಹಿಡಿತ ಕೊಡುವ ಬಾಂಡ್ ಕೋಟ್, ಅದು ಒಣಗುವ ಮುಂಚೆ ಪಾಲಿಮರ್ ಗಾರೆ, ಪದರ ಪದರವಾಗಿ. ಈ ಸಲ ಕವರ್ 20 ಎಂಎಂ ಸಿಗಲಿ. ಛಾವಣಿ ಸ್ವಲ್ಪ ಕೆಳಗೆ ಬಂದಂತೆ ಕಾಣುತ್ತದೆ, ಪರವಾಗಿಲ್ಲ.

ಹಾಲ್ ಮತ್ತು ಕೋಣೆಗಳ ಮೋಲ್ಡ್ ಮುಟ್ಟಬೇಡಿ. ಇವತ್ತಿನ ಅಳತೆ, ಫೋಟೋ ಎಲ್ಲ ಇಟ್ಟುಕೊಳ್ಳಿ. ಐದು ವರ್ಷದ ನಂತರ ಮತ್ತೆ ನೋಡಿದಾಗ ಹೋಲಿಸಲು ಬೇಕಾಗುತ್ತದೆ.

ಹೊಸಮೋಲ್ಡ್:

ನಿಮ್ಮ ಮನೆಯ ಪರೀಕ್ಷೆ ಓದಿದ ಮೇಲೆ ನಾನೂ ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಇದ್ಯಾವುದನ್ನೂ ಯಾರೂ ನೋಡಿರಲಿಲ್ಲ. ಕರಾರಿನ ಬಗ್ಗೆ ಎರಡು ವಿಷಯ ಹೇಳುತ್ತೇನೆ, ಉಪಯೋಗ ಆಗಬಹುದು.

ರಿಪೇರಿ ಕೆಲಸದಲ್ಲಿ ಜಗಳ ಬರುವುದು "ಒಡೆದ ಮೇಲೆ ಇನ್ನೂ ಜಾಸ್ತಿ ಕೆಟ್ಟಿತ್ತು" ಎನ್ನುವಲ್ಲಿ. ಅದು ಸುಳ್ಳು ಅಂತಲ್ಲ, ನಿಜವಾಗಿಯೂ ಹಾಗೇ ಆಗುತ್ತದೆ. ಹಾಗಾಗಿ ಒಟ್ಟು ಮೊತ್ತಕ್ಕೆ ಮಾತಾಡಬೇಡಿ. ಚದರ ಅಡಿಗೆ ಇಷ್ಟು, ಹೊಸ ಕಂಬಿ ಕೆಜಿಗೆ ಇಷ್ಟು ಎಂದು ಮೊದಲೇ ಬರೆಸಿ. ಕೆತ್ತಿದ ಮೇಲೆ ಇಬ್ಬರೂ ನಿಂತು ಟೇಪ್ ಹಿಡಿದು ಅಳೆಯಿರಿ. ಎರಡನೆಯದು, ಗಾರೆ ಮುಚ್ಚುವ ಮುಂಚೆ ನಿಮ್ಮ ಇಂಜಿನಿಯರ್ ಬಂದು ಕಂಬಿ ನೋಡಲೇಬೇಕು ಎಂದು ಕರಾರಿನಲ್ಲಿ ಸೇರಿಸಿ. ಮುಚ್ಚಿದ ಮೇಲೆ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಒಂದೇ ಥರ ಕಾಣುತ್ತದೆ. ಪ್ಯಾರಾಪೆಟ್ ಕೆಲಸದ ಹಣದಲ್ಲಿ ಒಂದು ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳಿ.

ಹಳೇಮನೆ:

ಅಪ್ಪನಿಗೂ ಅಮ್ಮನಿಗೂ ಕೂರಿಸಿ ಎಲ್ಲ ಓದಿ ಹೇಳಿದೆ. ಅಡುಗೆಮನೆ ಪೂರ್ತಿ ರಿಪೇರಿ, ಪ್ಯಾರಾಪೆಟ್ ತಲೆಗೆ ಹೊಸ ಗಾರೆ ಮತ್ತು ಸಂದಿಗೆ ವಾಟರ್‌ಪ್ರೂಫಿಂಗ್ ಎಂದು ನಿರ್ಧಾರ ಆಯಿತು. ಕೆಲಸ ಮುಗಿಯುವವರೆಗೆ ಒಲೆ ಹಿಂದಿನ ವರಾಂಡಕ್ಕೆ ಹೋಗುತ್ತದೆ. ಮೇಸ್ತ್ರಿ ಅಣ್ಣ, ತಾರಸಿ ನೆಲಕ್ಕೂ ಕೋಟಿಂಗ್ ಬೇಕಾ? ಬೇಕಾದರೆ ಯಾವಾಗ ಬಳಿಸಲಿ?

ಗಾರೆಮೇಸ್ತ್ರಿ:

ಬಳಿಸಿ ಅಕ್ಕ, ಆದರೆ ಕೊನೆಗೆ. ಮೊದಲು ಪ್ಯಾರಾಪೆಟ್. ತಲೆಯ ಗಾರೆಗೆ ಒಳಮುಖ ಇಳಿಜಾರು ಕೊಡಿಸಿ, ನೀರು ಹೊರಗೋಡೆ ಮೇಲೆ ಇಳಿಯೋದು ಬೇಡ. ಪ್ಯಾರಾಪೆಟ್ ಬುಡದ ಸಂದಿನಲ್ಲಿ ಚೂಪು ಮೂಲೆ ಬಿಡದೆ ಗಾರೆಯಿಂದ ದುಂಡಗೆ ಮಾಡಿಸಿ. ಕೋಟಿಂಗ್ ಅದರ ಮೇಲೆ ಹತ್ತಿ ಗೋಡೆಗೂ ಒಂದು ಅಡಿ ಏರಲಿ. ಹೊಸ ಗಾರೆಗೆ ಏಳು ದಿನ ನೀರು ಹೊಡೀರಿ, ಬಿಸಿಲು ಜೋರಾಗಿದ್ದರೆ ಗೋಣಿಚೀಲ ನೆನೆಸಿ ಹಾಕಿ.

ಆಮೇಲೆ ಒಣಗೋಕೆ ಬಿಡಿ. ತೇವ ಇರುವಾಗ ಕೋಟಿಂಗ್ ಬಳಿದರೆ ಬಿಸಿಲಿಗೆ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತೆ. ಒಣಗಿದೆಯಾ ಅಂತ ನೋಡೋಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಾರಸಿ ಮೇಲೆ ಹಾಸಿ, ನಾಲ್ಕೂ ಅಂಚು ಟೇಪ್ ಹಾಕಿ. ಸಂಜೆ ಅಂಟಿಸಿ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ, ಹದಿನಾರು ಗಂಟೆ ಆದ ಮೇಲೆ ತೆಗೆದು ನೋಡಿ. ಹಾಳೆಯ ಒಳಗೆ ಹನಿ ಕೂತಿದ್ದರೆ ಅಥವಾ ತಾರಸಿ ಬಣ್ಣ ಕಪ್ಪಾಗಿದ್ದರೆ ಇನ್ನೂ ಕಾಯಿರಿ. ಒಣಗಿದ್ದರೆ ಬಳಿಸಿ. ಬಿಳಿ ಬಣ್ಣದ್ದೇ ತಗೊಳ್ಳಿ. ಬಿಸಿ ಕಡಿಮೆ ಆಗುತ್ತೆ, ಮೋಲ್ಡ್ ಹಿಗ್ಗಿ ಕುಗ್ಗೋದೂ ಕಡಿಮೆ.

ಕೋಟಿಂಗ್ ಆದ ಮೇಲೆ ಪೈಪ್ ಬಾಯಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ ನೋಡಬೇಕು ಅಂತ ಯಾರಾದರೂ ಹೇಳಬಹುದು. ಅಡುಗೆಮನೆ ಮೇಲೆ ಅದು ಈಗಲೇ ಬೇಡ. ನೀರೂ ಭಾರವೇ. ಕೆಳಗಿನ ಗಾರೆ ಗಟ್ಟಿಯಾಗಿ, ನಿಮ್ಮ ಇಂಜಿನಿಯರ್ ಜ್ಯಾಕ್ ತೆಗೀಬಹುದು ಅಂದ ಮೇಲೆ ನಿಲ್ಲಿಸಿ.